ಚಕ್ರಕ್ಕಿಟ್ಟ ನಿಂಬೆಹಣ್ಣು

ಫ್ರೀಜರಿನಲ್ಲಿ ಮರೆತ ನಿಂಬೆಹಣ್ಣು ಕಲ್ಲಾಗಿ ಕೈಗೆ ಸಿಕ್ಕಿದಾಗಲೆಲ್ಲ ನನಗೆ ನಾವಿದ್ದ ಪಿಸ್ಕಾಟವೇ ಎಂಬ ಊರು ಬಿಟ್ಟ ದಿನ ನೆನಪಾಗುತ್ತದೆ.

ಅಪ್ಪ ಆಫೀಸಿಗೆ ಹೋಗುವುದನ್ನು ನಿಲ್ಲಿಸಿದ್ದ ಚಳಿಗಾಲ ಅದು. ಮನೆ ಖಾಲಿ ಮಾಡಿ, ಬಾಡಿಗೆಯ ಆರ್‌ವಿಯಲ್ಲಿ ಊರೂರು ನೋಡುತ್ತಾ ಕ್ಯಾಲಿಫೋರ್ನಿಯಾಕ್ಕೆ ಹೋಗಿ, ಅಲ್ಲಿಂದ ಬೆಂಗಳೂರಿನ ವಿಮಾನ ಹತ್ತುವುದೆಂದಾಗಿತ್ತು. ಒಲೆ, ಹಾಸಿಗೆ ಎಲ್ಲ ಇದ್ದ ಆ ದೊಡ್ಡ ಗಾಡಿಗೆ ಅಮ್ಮ ಅರಿಶಿನ ಕುಂಕುಮ ಹಚ್ಚಿ, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಳು. ಪೂಜೆಯ ಸಾಮಾನೆಲ್ಲ ರಾತ್ರಿಯಿಡೀ ಗಾಡಿಯಲ್ಲೇ ಉಳಿದುಬಿಟ್ಟಿತ್ತು. ಅಪ್ಪ ಗಾಡಿಯನ್ನು ಮುಂದೆ ಬಿಟ್ಟಾಗ ಒಂದು ಹಣ್ಣೂ ಒಡೆಯಲಿಲ್ಲ; ಚಿಮ್ಮಿ ಹಿಮದ ಮೇಲೆ ಉರುಳಿದವು. ತೆಂಗಿನಕಾಯಿ ಒಡೆದರೆ ನೀರಿಲ್ಲ, ಒಳಗೆ ಬರೀ ಐಸು.

"ಇದೇನ್ರೀ ಹೀಗಾಯ್ತು?" ಎಂದಳು ಅಮ್ಮ.

"ಫ್ರೀಜ್ ಆಗಿದೆ ಅಷ್ಟೆ ಕಣೇ. ಹತ್ತು, ಹೊರಡೋಣ."

"ಬಟ್ ಐ ಹ್ಯಾವ್ ಸ್ಕೂಲ್ ಆನ್ ಮಂಡೇ," ಎಂದೆ ನಾನು.

"ನಿನ್ ಟೀಚರ್‌ಗೆ ಹೇಳಿದೀವಿ, ಪುಟ್ಟಿ." ಅಮ್ಮ ನನ್ನ ಜಾಕೆಟ್ಟಿನ ಜಿಪ್ಪನ್ನು ಗಂಟಲವರೆಗೆ ಎಳೆದಳು.

ಆಮೇಲೆ ಹಣ್ಣುಗಳನ್ನು ಹೆಕ್ಕಿ ತಂದು ಹೀಟರಿನ ಮುಂದಿಟ್ಟಳು. ಮತ್ತೆಲ್ಲಾದರೂ ಗಾಡಿ ನಿಂತಾಗ ಚಕ್ರಕ್ಕೆ ಇಡುತ್ತಾಳೆ ಎಂದುಕೊಂಡೆ. ಚಕ್ರಕ್ಕಿಟ್ಟ ನಿಂಬೆಹಣ್ಣನ್ನು ನನಗೆ ಮುಟ್ಟಲೂ ಬಿಡುತ್ತಿರಲಿಲ್ಲ ಅವಳು.

ಮಧ್ಯಾಹ್ನ ರೆಸ್ಟ್ ಏರಿಯಾದಲ್ಲಿ ನಿಲ್ಲಿಸುವಷ್ಟರಲ್ಲಿ ಅವು ಮೆತ್ತಗಾಗಿ, ಗಾಡಿಯೆಲ್ಲ ನಿಂಬೆಯ ವಾಸನೆ ತುಂಬಿತ್ತು. ಅಮ್ಮ ಅವನ್ನು ತೊಳೆದು, ಹೆಚ್ಚಿ, ಒಂದೊಂದಾಗಿ ಚಿತ್ರಾನ್ನಕ್ಕೆ ಹಿಂಡಿದಳು. ಅಪ್ಪ ನೋಡುತ್ತಿದ್ದ. ಆಮೇಲೆ ತಟ್ಟೆ ಮುಂದೆ ಹಿಡಿದ.