ಎರಡನೆಯ ತೊಗಲು

ಹರಡಿದ ತೊಗಲಿನ ಮೇಲೆ ಊರಿದ ರಂಪಿಗೆಯ ಅಲಗನ್ನು ಸುಂದರಾ ಮತ್ತೆ ಎತ್ತಿಬಿಟ್ಟಳು. ಅಥಣಿಯ ಅವರ ಓಣಿಯಲ್ಲಿ ಚಪ್ಪಲಿಯ ತೊಗಲು ಕೊಯ್ಯುವುದು ಗಂಡಸರ ಕೆಲಸ, ಹೆಣೆಯುವುದು ಹೆಂಗಸರದು. ಗಂಡ ಯಾಕೋಬನ ಬಲಗೈಗೆ ಲಕ್ವಾ ಹೊಡೆದ ಮೇಲೆ ಅವಳೇ ಕೊಯ್ದ ಮೊದಲ ತೊಗಲು ಓರೆಕೋರೆಯಾಗಿ ಹಾಳಾಗಿತ್ತು. ಇದೂ ಕೆಟ್ಟರೆ ಇನ್ನು ತೊಗಲು ಕೊಡುವುದಿಲ್ಲವೆಂದು ವ್ಯಾಪಾರಿ ಬೆಳಿಗ್ಗೆಯೇ ಮೊಬೈಲಿನಲ್ಲಿ ಹೇಳಿದ್ದ.

"ನನ್ನ ಕೈಲೆ ಆಗೂದಿಲ್ರಿ," ಎಂದಳು. "ಯೇಸುಸ್ವಾಮಿನ್ನ ನಂಬಿ ದೋಣಿ ಇಳದು ನೀರಿನ ಮ್ಯಾಲೆ ನಡದ ಪೇತ್ರ ಸೈತ ಮುಳುಗಿದ್ನಲ್ರಿ."

"ಹೌದು, ಮುಳುಗಿದಾ. ಸ್ವಾಮಿ ಕೈ ಹಿಡದು ಮ್ಯಾಲೆತ್ತಿದ್ರು," ಗೋಡೆಗೊರಗಿದ್ದ ಯಾಕೋಬ ಹೇಳಿದ. "ಆಮ್ಯಾಲ ದೋಣಿ ತನಕ ಹ್ಯಾಂಗ ಬಂದಾ, ಹೇಳ ನೋಡೂಣು?"

ಅದು ಸುಂದರಾ ಪ್ರಾರ್ಥನೆಯಲ್ಲಿ ಎಷ್ಟೋ ಸಲ ಕೇಳಿದ ಕಥೆ. ಇದನ್ನು ಮಾತ್ರ ಅವಳು ಎಂದೂ ಯೋಚಿಸಿರಲಿಲ್ಲ. ಮುಳುಗಿದ ಆ ನೀರಿನ ಮೇಲೆಯೇ ಅವನು ತಿರುಗಿ ನಡೆದು ಬಂದಿರಬೇಕು.

ಅವಳು ರಂಪಿಗೆಯನ್ನು ತೊಗಲಿನ ಮೇಲೆ ಊರಿದಳು. ಯಾಕೋಬ ಎಡಗೈ ಚಾಚಿ ಅವಳ ಮಣಿಕಟ್ಟು ಹಿಡಿಯಲು ಬಂದ.

"ನನ್ನ ಕೈ ಬ್ಯಾಡ್ರಿ, ತೊಗಲ ಬಿಗಿ ಹಿಡೀರಿ," ಎಂದವಳೇ ಸುಂದರಾ ರಂಪಿಗೆಯನ್ನು ಒತ್ತಿ ಎಳೆದಳು.