ಫ್ಲಾಸ್ಕಿನ ಕಷಾಯ

ಮುಖೇಶನ ರಕ್ತದಲ್ಲಿ ಸಕ್ಕರೆ ಎಷ್ಟು ಕಡಿಮೆಯೆಂದರೆ, ಕೊಟ್ಟಾರದ ಸೊಳ್ಳೆಗಳು ಅವನನ್ನು ಒಮ್ಮೆ ಕಚ್ಚಿ, ಮುಖ ಸಿಂಡರಿಸಿ, ಬಾಯಿ ಸಿಹಿ ಮಾಡಿಕೊಳ್ಳಲು ಪಕ್ಕದ ಮನೆಗೆ ಹೋಗುತ್ತಿದ್ದವು. ಬಜಪೆ ವಿಮಾನ ನಿಲ್ದಾಣದ ತಿಂಡಿ ಕೌಂಟರಿನ ಮುಂದೆ ನಿಂತು ಅವನು ಇದನ್ನು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ.

ಬೈಕಂಪಾಡಿಯಲ್ಲಿ ಕ್ರೇನ್ ಓಡಿಸುತ್ತಿದ್ದವನಿಗೆ ದುಬೈಯಲ್ಲಿ ಕೆಲಸ ಸಿಕ್ಕಿತ್ತು. ನಾಳೆ ಬೆಳಗ್ಗೆ ಅಲ್ಲಿ ಕಂಪನಿಯ ಡಾಕ್ಟರು ರಕ್ತ ತೆಗೆಯುತ್ತಾರೆ. ಸಕ್ಕರೆ ಮೇಲೆ ಹೋಗಿದ್ದರೆ ಕ್ರೇನೂ ಇಲ್ಲ, ಕೆಲಸವೂ ಇಲ್ಲ. ಹಾಗಾಗಿ ಜೊತೆಗೆ ಹೊರಟಿದ್ದ ಹೆಂಡತಿ ತೃಪ್ತಿ, ಗಂಡನ ಹೊಟ್ಟೆಗೆ ಒಳ್ಳೆಯದೇನಾದರೂ ಹಾಕಿಯೇ ವಿಮಾನ ಹತ್ತಿಸಬೇಕೆಂದು ಗಾಜಿನ ಪೆಟ್ಟಿಗೆಗಳನ್ನೆಲ್ಲ ಜಾಲಾಡುತ್ತಿದ್ದಳು. ಬನ್ಸಿನಲ್ಲಿ ಸಕ್ಕರೆ, ಪಫ್ಸಿನಲ್ಲಿ ಎಣ್ಣೆ, ಜ್ಯೂಸ್ ಎಂಬುದು ಬರೀ ಬಣ್ಣದ ಪಾನಕ.

"ಸಕ್ಕರೆ ಹಾಕದ್ದು ಎಂತ ಉಂಟು?"

"ನೀರು ಉಂಟು," ಎಂದ ಕೌಂಟರಿನ ಶೆರ್ವಿನ್.

"ಅದೂ ಬೇಡ. ನನ್ನ ನಾಲಗೆಗೆ ನೀರೂ ಸಿಹಿಯೇ," ಎಂದ ಮುಖೇಶ್.

ಕೊನೆಗೆ ಮೂಲೆಯಲ್ಲಿ ಮೊಳಕೆ ಬಂದ ಹೆಸರುಕಾಳಿನ ಕಪ್ಪೊಂದು ಸಿಕ್ಕಿತು. ತೃಪ್ತಿ ನಿಧಿ ಸಿಕ್ಕಿದವಳಂತೆ ಅದನ್ನು ಕೊಂಡಳು. ಮುಖೇಶ್ ಮೂಸಿಯೂ ನೋಡಲಿಲ್ಲ. ಕೈಚೀಲದ ಸ್ಟೀಲ್ ಫ್ಲಾಸ್ಕ್ ತಟ್ಟಿ, "ನನಗೆ ಕಷಾಯ ಉಂಟಲ್ಲ," ಎಂದ. ಆಟಿ ಅಮಾವಾಸ್ಯೆಗೊಮ್ಮೆ ಊರೆಲ್ಲ ಮೂಗು ಹಿಡಿದು ಕುಡಿಯುವ ಹಾಲೆ ತೊಗಟೆಯ ಕಷಾಯವನ್ನು ಅವನು ದಿನಾ ಚೊಂಬುಗಟ್ಟಲೆ ಕುಡಿಯುತ್ತಿದ್ದನಂತೆ. ಈಗೀಗ ಅವನನ್ನು ಕಂಡರೆ ಹಾಲೆ ಮರಗಳೇ ತೊಗಟೆ ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದವಂತೆ.

ಸೆಕ್ಯೂರಿಟಿಯಲ್ಲಿ ಫ್ಲಾಸ್ಕ್ ಸಿಕ್ಕಿಬಿತ್ತು. "ಇದನ್ನು ಒಳಗೆ ಬಿಡುವುದಿಲ್ಲ. ಇಲ್ಲೇ ಕುಡಿಯಿರಿ, ಇಲ್ಲದಿದ್ದರೆ ಬಿಸಾಡಿ," ಎಂದರು ಅಲ್ಲಿದ್ದವರು.

"ಬಿಸಾಡುವ," ಎಂದ ಮುಖೇಶ್, ಅವರ ಮಾತು ಮುಗಿಯುವ ಮೊದಲೇ.

"ಎಂತಕ್ಕೆ? ನಿಮಗೆ ಅದು ಒಂದು ಗುಟುಕಲ್ಲವಾ ಮಾರಾಯ್ರೆ." ತೃಪ್ತಿ ಮುಚ್ಚಳ ತಿರುಗಿಸಿ, ಅದೇ ಮುಚ್ಚಳಕ್ಕೆ ಫ್ಲಾಸ್ಕ್ ಬಗ್ಗಿಸಿದಳು.

ಮೊದಲು ಗುಲಾಬಿ ಬಣ್ಣದ ಐಸ್‌ಕ್ರೀಮು ಸೋಮಾರಿಯಂತೆ ಜಾರಿ ಬಂತು. ಅದರ ಬೆನ್ನಿಗೆ ಜೆಲ್ಲಿ, ಗೋಡಂಬಿ, ಅಂಜೂರ. ಎಲ್ಲಕ್ಕಿಂತ ಕೊನೆಗೆ, ಮದುಮಗಳ ಹಾಗೆ, ಒಂದು ಕೆಂಪು ಚೆರ್ರಿ.

"ಗಡ್‌ಬಡ್," ಎಂದರು ಸಾಲಿನಲ್ಲಿ ಹಿಂದಿದ್ದ ಯಾರೋ, ದೇವರ ಹೆಸರು ಹೇಳುವ ಭಕ್ತಿಯಲ್ಲಿ.

"ಹಾಲೆ ಮರದಲ್ಲಿ ಚೆರ್ರಿ ಯಾವಾಗಿನಿಂದ ಬಿಡ್ತದೆ?" ತೃಪ್ತಿಗೆ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತ ಕಣ್ಣೊರೆಸಿಕೊಂಡವಳು ತಟ್ಟನೆ ಕೇಳಿದಳು: "ಸತ್ಯ ಹೇಳಿ. ಶುಗರ್ ಎಷ್ಟುಂಟು?"

"ಗೊತ್ತಿಲ್ಲ. ಕಂಕನಾಡಿಯ ಲ್ಯಾಬಿನ ಮೆಟ್ಟಿಲವರೆಗೆ ಹೋಗಿದ್ದೆ. ಹೆದರಿಕೆ ಆಯ್ತು. ಹೆದರಿಕೆ ಆದರೆ ನನಗೆ ಗಡ್‌ಬಡ್ ಬೇಕಾಗ್ತದೆ."

ತೃಪ್ತಿ ಫ್ಲಾಸ್ಕನ್ನು ಕಸದ ಬುಟ್ಟಿಗೆ ಬರಿದು ಮಾಡಿ, ಹೆಸರುಕಾಳಿನ ಕಪ್ಪನ್ನು ಅವನ ಕೈಗಿಟ್ಟಳು.

ಮುಖೇಶ್ ಒಂದು ಕಾಳು ಬಾಯಿಗೆ ಹಾಕಿ ತುಂಬ ಹೊತ್ತು ಅಗಿದ.

"ಸೊಳ್ಳೆ ಕಚ್ಚುತ್ತದೆ ತೃಪ್ತಿ," ಎಂದ ಸಣ್ಣ ದನಿಯಲ್ಲಿ. "ಪಕ್ಕದ ಮನೆಯದ್ದೂ ನನ್ನ ಹತ್ತಿರವೇ ಬರುವುದು."