ಗ್ಯಾಸ್ ತೊಟ್ಟಿಯ ಹೆಪ್ಪು

ಆ ಬೆಳಿಗ್ಗೆ ಗಾಳಿಯೇ ಇರಲಿಲ್ಲ. ಎಂಬತ್ತೆರಡರ ಮೇ ತಿಂಗಳು. ಕುಲಶೇಖರದಲ್ಲಿ ತೆಂಗಿನ ಗರಿಯೂ ಅಲುಗದಂಥ ಸೆಕೆ. ಅದರಿಂದಲೇ ಗೋಬರ್ ಗ್ಯಾಸ್ ತೊಟ್ಟಿಯ ಬಾಯಿಯಿಂದ ಎದ್ದ ವಾಸನೆ ಎಲ್ಲಿಗೂ ಹೋಗದೆ ಗುಣವತಿಯ ಮೂಗಿಗೆ ಹೊಡೆಯಿತು. ಸೆಗಣಿಯದಲ್ಲ. ಫಿನೈಲಿನದು.

ತಲೆ ಎತ್ತಿದಳು. ತೊಟ್ಟಿಗೆ ತಾಗಿದ ಪಾಗಾರದ ಆಚೆ, ನೆರೆಮನೆಯ ಫ್ಲಾವಿಯಾ ಖಾಲಿ ಬಕೆಟ್ ಹಿಡಿದು ಬೇಗ ಬೇಗ ಹೋಗುತ್ತಿದ್ದಳು.

ಫ್ಲಾವಿಯಾ ಆಸ್ಪತ್ರೆಯಲ್ಲಿ ಆಯಾ. ಅವಳ ಸೆರಗು ಸದಾ ಫಿನೈಲ್ ನಾರುತ್ತಿತ್ತು.

ತೊಟ್ಟಿ ಸೊರಗುತ್ತ ಬಂದು ತಿಂಗಳಾಗಿತ್ತು. ಮೊದಲೆಲ್ಲ ಬೆಳಗಾಗುವಾಗ ಸೊಂಟದೆತ್ತರ ಏರಿ ನಿಲ್ಲುತ್ತಿದ್ದ ಕಬ್ಬಿಣದ ಡ್ರಮ್ಮು ಈಗ ಕೂತಲ್ಲೇ ಕೂತಿತ್ತು. ಒಲೆಯ ನೀಲಿ ಉರಿ ಚಹಾ ಕುದಿಯುವ ಮೊದಲೇ ಆರುತ್ತಿತ್ತು.

"ಸಂಕ್ರಮಣದವರೆಗೆ ನೋಡ್ತೇನೆ," ಎಂದಿದ್ದ ಗಂಡ ಚಿತ್ತರಂಜನ. "ಆಮೇಲೆ ಮಣ್ಣು ಹಾಕಿ ಮುಚ್ಚಿಸುವುದು. ದನಗಳನ್ನೂ ಕೊಟ್ಟುಬಿಡುವ."

ಹಾಗಾದರೆ ಮತ್ತೆ ಸೌದೆ, ಮತ್ತೆ ಹೊಗೆ. ಹೊಗೆಯೆಂದರೆ ಅತ್ತೆ ಸುಂದರಿಯ ದಮ್ಮು. ಆ ದಮ್ಮಿಗಾಗಿಯೇ ತೊಟ್ಟಿ ಕಟ್ಟಿಸಿದ್ದು.

ಅತ್ತೆಗೂ ಅದರ ಮೇಲೆ ಎಂಥ ಭಕ್ತಿ. ಕಕ್ಕಸಿನ ಕೊಳವೆಯನ್ನೂ ತೊಟ್ಟಿಗೆ ಕೂಡಿಸಿದರೆ ಗ್ಯಾಸು ಹೆಚ್ಚುತ್ತದೆಂದು ಮಗ ಹೇಳಿದಾಗ, "ನಿಮಗೆ ಸರಿ ಕಂಡರೆ ಆಯಿತು," ಎಂದಷ್ಟೇ ಅಂದಿದ್ದರು. ಕೂಡಿಸಿದ ಮಾರನೆಯ ದಿನದಿಂದ ಮಿಂದು, ತುಳಸಿಗೆ ನೀರೆರೆದು, ತೊಟ್ಟಿಯ ಬಾಯಿಗೂ ಒಂದು ತಂಬಿಗೆ ಬೆಳ್ಳಗೆ ಧಾರೆ ಎರೆದು ಕೈಮುಗಿಯುತ್ತಿದ್ದರು. ಅಡಿಗೆಮನೆಯ ಕಿಟಕಿಯಿಂದ ನೋಡಿ ಗುಣವತಿಯ ಕಣ್ಣು ತುಂಬುತ್ತಿತ್ತು. ಕರೆಯುವ ದನ ಗಬ್ಬವಾಗಿ, ಮನೆಯವರಿಗೆ ಕಪ್ಪು ಚಹಾವೇ ಗತಿಯಾಗಿದ್ದ ದಿನಗಳಲ್ಲೂ ಈ ಜೀವ ಅಗ್ನಿದೇವರಿಗೆ ಕಡಿಮೆ ಮಾಡಲಿಲ್ಲವಲ್ಲ.

ಮತ್ತೆ ಈ ಫ್ಲಾವಿಯಾ. ಹೊಸ ತೊಟ್ಟಿ ಶುರುವಾಗಲು ಹಳೆಯ ತೊಟ್ಟಿಯ ರಾಡಿ ಬೇಕು, ಹಾಲಿಗೆ ಹೆಪ್ಪಿನ ಹಾಗೆ. ಗ್ಯಾಸು ಮಾಡುವುದು ಅದರೊಳಗಿನ ಕಣ್ಣಿಗೆ ಕಾಣದ ಜೀವಗಳು. ಫಿನೈಲ್ ಬಿದ್ದರೆ ಅವು ಸಾಯುತ್ತವೆ. ತೊಟ್ಟಿ ಕಟ್ಟಿಸಿದ ಆಫೀಸರು ಅಂಗಳದಲ್ಲಿ ನಿಂತು ಹೇಳಿದ್ದರು. ಅತ್ತೆ ಆಗ ದೇವರ ಕೋಣೆಯಲ್ಲಿದ್ದರು. ಕಳೆದ ವರ್ಷ ಫ್ಲಾವಿಯಾ ತೊಟ್ಟಿ ಕಟ್ಟಿಸಿದಾಗ ಬಕೆಟ್ಟುಗಟ್ಟಲೆ ರಾಡಿಯನ್ನು ಪಾಗಾರ ದಾಟಿಸಿದವಳು ಗುಣವತಿಯೇ. ಈಗ ಅವಳ ಡ್ರಮ್ಮು ಎದೆಯುಬ್ಬಿಸಿ ನಿಂತಿತ್ತು.

"ನಿಲ್ಲು ಫ್ಲಾವಿಯಾ. ನನ್ನ ತೊಟ್ಟಿಗೆ ಎಂತ ಹಾಕಿದ್ದು?"

ಫ್ಲಾವಿಯಾ ನಿಂತಳು. ಅವಳ ಕಣ್ಣು ತುಳಸಿಕಟ್ಟೆಯ ಕಡೆ ಹೋಗಿ ಮರಳಿತು.

"ಹಾಕಿದ್ದು ಉಂಟು ಅಕ್ಕ. ಎಂತ, ಯಾಕೆ ಅಂತ ನನ್ನ ಬಾಯಿಂದ ಬೇಡ."

"ಹೊಟ್ಟೆಕಿಚ್ಚಿಗೂ ಒಂದು ಮಿತಿ ಉಂಟು ಮಾರಾಯ್ತಿ. ನಿನ್ನ ಒಲೆ ಉರಿಯುವುದು ನಾನು ಕೊಟ್ಟ ಹೆಪ್ಪಿನಿಂದ. ನೆನಪು ಉಂಟಾ?"

"ಉಂಟು. ಅದಕ್ಕೇ."

"ಇನ್ನು ಈ ಪಾಗಾರದ ಹತ್ತಿರ ಸುಳಿಯಬೇಡ."

ಫ್ಲಾವಿಯಾ ತಲೆ ತಗ್ಗಿಸಿ ಹೋದಳು. ಗುಣವತಿ ಹಟ್ಟಿಯ ಮೆಟ್ಟಿಲ ಮೇಲೆ ಕೂತಳು. ಬಾಣಂತನದಲ್ಲಿ ಇವಳ ಕೈಯ ಗಂಜಿ ಉಂಡಿದ್ದೆನಲ್ಲ ಎಂಬುದೇ ಹೆಚ್ಚು ಉರಿಯಿತು.

ಮರುದಿನ ಅತ್ತೆ ಹಾಸಿಗೆಯಿಂದ ಏಳಲಿಲ್ಲ.

"ಗುಣಾ, ಕಾಲು ಹಿಡಿದುಬಿಟ್ಟಿದೆ. ಬಚ್ಚಲ ಹತ್ತಿರ ರಾತ್ರಿಯೇ ತಂಬಿಗೆ ತುಂಬಿ ಇಟ್ಟಿದ್ದೇನೆ. ಇವತ್ತು ನೀನೇ ಎರೆದು ಬಾ."

"ಬೇಡ ಮಾಮಿ. ತೊಟ್ಟಿ ಹೇಗೂ ಸತ್ತಿತು. ಹಾಲು ದಂಡ."

"ಹಾಲು ಎಲ್ಲಿಂದ ಮಗಾ?" ಮುದುಕಿ ನಕ್ಕರು. "ಸಂಕ್ರಮಣಕ್ಕೆ ದೈವಕ್ಕೆ ಬಡಿಸುವ ಅನ್ನ ಬೇಯುವುದು ಆ ಬೆಂಕಿಯಲ್ಲಿ. ಕಕ್ಕಸಿನದ್ದು ಸೇರಿದ ಮೇಲೆ ಶುದ್ಧ ಮಾಡಬೇಡವಾ? ನೀವು ಮಕ್ಕಳು, ನಿಮಗೆ ಹೇಳಿ ಬೇಜಾರು ಮಾಡುವುದು ಬೇಡ ಅಂತ ನಾನೇ ಮಾಡ್ತಾ ಇದ್ದೆ."

ಗುಣವತಿ ತಂಬಿಗೆ ಎತ್ತಿದಳು. ಹಾಲಿನಷ್ಟೇ ಬಿಳಿ. ಮೂಗಿನ ಹತ್ತಿರ ತಂದಳು. ಹಳೆಯ ಕಕ್ಕಸಿನ ಫಿನೈಲ್ ಬಾಟ್ಲಿ ಪಕ್ಕದಲ್ಲೇ ಖಾಲಿಯಾಗಿ ನಿಂತಿತ್ತು.

ಹೊರಗೆ ಓಡಿದಳು. ಪಾಗಾರದ ಆಚೆ, ಹತ್ತಿರ ಸುಳಿಯಬೇಡವೆಂದ ಮಾತಿಗೆ ಒಂದು ಮಾರು ದೂರದಲ್ಲಿ, ಫ್ಲಾವಿಯಾ ತುಂಬಿದ ಬಕೆಟ್ ಹಿಡಿದು ಕಾಯುತ್ತಿದ್ದಳು. ಗುಣವತಿ ಎರಡೂ ಕೈ ಚಾಚಿದಾಗ ಮುಂದೆ ಬಂದು, ತಿಂಗಳಿಡೀ ದಿನವೂ ಸುರಿಯುತ್ತಿದ್ದ ತನ್ನ ತೊಟ್ಟಿಯ ಬೆಚ್ಚಗಿನ ರಾಡಿಯನ್ನು ದಾಟಿಸಿದಳು.